ಆನ್‌ಲೈನ್ ಥೆರಪಿಯೋ, ಎದುರು ಕೂತು ಮಾತಾಡುವುದೋ? ಆರಿಸುವ ಮುಂಚೆ ಬಾಗಿಲು ನೋಡಿ

ನನ್ನ ಮೊದಲ ಆನ್‌ಲೈನ್ ಥೆರಪಿ ನಡೆದಿದ್ದು ನಿಲ್ಲಿಸಿದ ಕಾರಿನಲ್ಲಿ. ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡರೆ ‘ಏನಾಯ್ತು, ಯಾಕೆ’ ಅಂತ ಕೇಳುವವರಿದ್ದರು. ಹಾಗಾಗಿ ಮೊಬೈಲನ್ನು ಸ್ಟೀರಿಂಗ್‌ಗೆ ಒರಗಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತಿದ್ದೆ. ಮೊದಲ ಅರ್ಧ ಗಂಟೆ ನಿದ್ದೆ, ಕೆಲಸ ಅಂತ ಸುತ್ತಿ ಬಳಸಿ ಮಾತಾಡಿದೆ. ಆಮೇಲೆ ಹೇಗೋ ಧೈರ್ಯ ಮಾಡಿ, ಅಲ್ಲಿಯವರೆಗೆ ಯಾರ ಹತ್ತಿರವೂ ಹೇಳದ ವಿಷಯಕ್ಕೆ ಬಂದೆ. ಎರಡು ಮಾತು ಆಡಿದ್ದೆ ಅಷ್ಟೆ. ಯಾರೋ ಗಾಜು ತಟ್ಟಿದರು. ಗಾಡಿ ಸ್ವಲ್ಪ ಮುಂದೆ ತೆಗೆಯಬೇಕಿತ್ತಂತೆ. ತೆಗೆದೆ. ಮತ್ತೆ ಮೊಬೈಲ್ ಒರಗಿಸಿ ಕೂರುವಷ್ಟರಲ್ಲಿ ಆ ಮಾತು ವಾಪಸ್ ಒಳಗೆ ಹೋಗಿಬಿಟ್ಟಿತ್ತು. ಅದು ಇನ್ನೊಮ್ಮೆ ಬಾಯಿಗೆ ಬರಲು ಮೂರು ವಾರ ಹಿಡಿಯಿತು.

ಅದಾದ ಮೇಲೆ ಸುಮಾರು ಒಂದು ವರ್ಷ ಥೆರಪಿಸ್ಟ್ ಎದುರಿಗೇ ಹೋಗಿ ಕೂತೆ. ಈಗ ಮತ್ತೆ ವಿಡಿಯೋಗೆ ಬಂದಿದ್ದೇನೆ. ‘ಆನ್‌ಲೈನ್ ಥೆರಪಿಯಿಂದ ನಿಜವಾಗಿ ಪ್ರಯೋಜನ ಆಗುತ್ತಾ?’ ಅಂತ ತುಂಬಾ ಜನ ಕೇಳುತ್ತಾರೆ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ ಅಂತ ನನಗೆ ಅನ್ನಿಸುತ್ತದೆ: ನಾನು ಎಲ್ಲಿ ಕೂತರೆ ನನ್ನ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ? ಉಳಿದ ಹೋಲಿಕೆಯೆಲ್ಲ ಇದರ ನಂತರ.

ಪ್ರಯೋಜನ ಆಗುತ್ತಾ?

ಆಗುತ್ತದೆ. ಖಿನ್ನತೆ, ಆತಂಕ, ಪ್ಯಾನಿಕ್‌ನಂಥ ತೊಂದರೆಗಳು ಸಾಧಾರಣ ಮಟ್ಟದಲ್ಲಿದ್ದಾಗ, ವಿಡಿಯೋ ಮೂಲಕ ಕೊಟ್ಟ ಸಿಬಿಟಿ ಎದುರು ಕೂತು ಕೊಟ್ಟಷ್ಟೇ ಫಲ ಕೊಡುತ್ತದೆ ಅಂತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಿಬಿಟಿ ಅಂದರೆ ನಮ್ಮ ಯೋಚನೆಯ ದಾರಿ ಮತ್ತು ನಡವಳಿಕೆಯನ್ನು ಹಂತ ಹಂತವಾಗಿ ಬದಲಿಸುವ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದಕ್ಕೆ ರೂಪ ಕೊಟ್ಟರು. ಇದರಲ್ಲಿ ಮನೆಪಾಠ ಇರುತ್ತದೆ, ಬರೆದಿಡುವ ಹಾಳೆಗಳಿರುತ್ತವೆ, ವಾರವಾರದ ಲೆಕ್ಕ ಇರುತ್ತದೆ. ಇವೆಲ್ಲ ಸ್ಕ್ರೀನ್ ಮೇಲೆ ಸುಲಭವಾಗಿ ಕೂರುತ್ತವೆ.

ದೂರದಿಂದ ಮನಸ್ಸಿಗೆ ಚಿಕಿತ್ಸೆ ಕೊಡುವುದು ಮೊನ್ನೆ ಮೊನ್ನೆ ಶುರುವಾದದ್ದೂ ಅಲ್ಲ. 1953ರಲ್ಲೇ ಲಂಡನ್ನಿನಲ್ಲಿ ಚಾಡ್ ವರಾ ಎಂಬ ಪಾದ್ರಿ, ಸಾಯಬೇಕು ಅನ್ನಿಸಿದವರು ಫೋನ್ ಮಾಡಿ ಮಾತಾಡಲಿ ಅಂತ ಸಹಾಯವಾಣಿ ತೆರೆದರು. 1959ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಮನೋವೈದ್ಯರು ಎರಡೂ ಕಡೆ ಕಾಣುವ ಟಿವಿ ಜೋಡಿಸಿ ಗುಂಪು ಚಿಕಿತ್ಸೆ ಮಾಡಿದ್ದರು. 2020ರ ಕೋವಿಡ್ ಹೊತ್ತಿಗೆ ಜಗತ್ತಿನ ಬಹುಪಾಲು ಥೆರಪಿಸ್ಟ್‌ಗಳು ಬೇರೆ ದಾರಿಯಿಲ್ಲದೆ ಇದಕ್ಕೆ ಬಂದರು. ಆಮೇಲೆ ಎಷ್ಟೋ ಜನ ಇದರಲ್ಲೇ ಉಳಿದರು.

ವಿಡಿಯೋದಲ್ಲಿ ಸಿಗುವುದು, ತಪ್ಪಿಹೋಗುವುದು

ಪ್ರಯಾಣ ಉಳಿಯುತ್ತದೆ, ಸಮಯ ಉಳಿಯುತ್ತದೆ. ಇದು ಎಲ್ಲರಿಗೂ ಗೊತ್ತು. ನಡೆಯಲು ಕಷ್ಟ ಇರುವವರಿಗೆ, ಹಸುಗೂಸು ಇರುವ ತಾಯಂದಿರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಇದು ಬರೀ ಅನುಕೂಲ ಅಲ್ಲ. ಥೆರಪಿ ಸಿಗುವುದಕ್ಕೂ ಸಿಗದಿರುವುದಕ್ಕೂ ಇರುವ ವ್ಯತ್ಯಾಸವೇ ಅದು.

ನನ್ನ ಮಟ್ಟಿಗೆ ದೊಡ್ಡ ಲಾಭ ಭಾಷೆ. ‘ಹೊಟ್ಟೆಯಲ್ಲಿ ಸಂಕಟ ಆಗುತ್ತೆ’, ‘ಜೀವ ಹಿಂಡಿದ ಹಾಗೆ ಆಗುತ್ತೆ’ ಅನ್ನುವುದನ್ನು ಬೇರೆ ಭಾಷೆಗೆ ತಿರುಗಿಸುವಾಗ ಅರ್ಧ ನೋವು ದಾರಿಯಲ್ಲೇ ಕಳೆದುಹೋಗುತ್ತದೆ. ಅಳು ಬರುವ ಹೊತ್ತಿಗೆ ಯಾರು ಪದ ಹುಡುಕುತ್ತಾ ಕೂರುತ್ತಾರೆ, ಅಲ್ವಾ? ಹತ್ತಿರದಲ್ಲಿ ನಿಮ್ಮ ಮಾತು ಬಲ್ಲ ಥೆರಪಿಸ್ಟ್ ಇಲ್ಲದಿದ್ದರೆ, ದೂರದವರು ಸ್ಕ್ರೀನ್ ಮೇಲೆ ಸಿಗುತ್ತಾರೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಥೆರಪಿಸ್ಟ್‌ಗಳ ಲೈಸೆನ್ಸ್ ಸಾಮಾನ್ಯವಾಗಿ ಒಂದು ದೇಶಕ್ಕೆ, ಕೆಲವು ಕಡೆ ಒಂದು ರಾಜ್ಯಕ್ಕೆ ಮಾತ್ರ ಸೀಮಿತ. ಸೆಷನ್ ಹೊತ್ತಿಗೆ ನೀವು ಎಲ್ಲಿ ಇದ್ದೀರಿ ಎಂಬುದು ಲೆಕ್ಕಕ್ಕೆ ಬರುತ್ತದೆ. ದೇಶ ಬಿಟ್ಟು ಹೋಗುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಇನ್ನೊಂದು ಲಾಭದ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಥೆರಪಿಸ್ಟ್ ನಿಮ್ಮ ಮನೆಯೊಳಗೇ ಬರಬಹುದು. ಒಸಿಡಿ ಇರುವವರನ್ನು ತೆಗೆದುಕೊಳ್ಳಿ. ಮತ್ತೆ ಮತ್ತೆ ಕೈ ತೊಳೆಯಬೇಕು ಅನ್ನಿಸುವ ಕಾಟ. ಕ್ಲಿನಿಕ್ಕಿನಲ್ಲಿ ಅದರ ಬಗ್ಗೆ ಮಾತಾಡಬಹುದು. ಆದರೆ ಕಾಟ ಇರುವುದು ಮನೆಯ ನಲ್ಲಿಯ ಎದುರು. ವಿಡಿಯೋ ಇದ್ದರೆ ಮೊಬೈಲನ್ನು ಸಿಂಕ್ ಪಕ್ಕ ನಿಲ್ಲಿಸಬಹುದು. ಬಾಗಿಲ ಹಿಡಿ ಮುಟ್ಟಬೇಕು, ನಲ್ಲಿ ತಿರುಗಿಸದೆ ಸುಮ್ನೆ ನಿಲ್ಲಬೇಕು. ಎದೆ ಹೊಡೆದುಕೊಳ್ಳುವುದು ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಇಡೀ ಹೊತ್ತು ಥೆರಪಿಸ್ಟ್ ಜೊತೆಗಿರುತ್ತಾರೆ. ಹೆದರಿಕೆ ಎಲ್ಲಿ ಹುಟ್ಟುತ್ತದೋ ಅಲ್ಲೇ ನಿಂತು ಅದನ್ನು ಎದುರಿಸುವ ಈ ಚಿಕಿತ್ಸೆಗೆ ಆನ್‌ಲೈನ್ ಕೆಲವೊಮ್ಮೆ ಕ್ಲಿನಿಕ್‌ಗಿಂತ ಒಂದು ಕೈ ಮೇಲು.

ಇನ್ನು ತಪ್ಪಿಹೋಗುವುದು. ಕ್ಯಾಮೆರಾ ಭುಜದಿಂದ ಮೇಲೆ ಮಾತ್ರ ತೋರಿಸುತ್ತದೆ. ‘ನಾನು ಆರಾಮಾಗಿದ್ದೀನಿ’ ಅಂತ ಬಾಯಿ ಹೇಳುವಾಗ ಮೇಜಿನ ಕೆಳಗೆ ಕಾಲು ಅಲುಗಾಡುತ್ತಿರುವುದು ಕಾಣಿಸುವುದಿಲ್ಲ. ಕೋಣೆಯೊಳಗೆ ಬಂದ ನಡಿಗೆ, ಸಡಿಲವಾದ ಬಟ್ಟೆ, ಬಾಯಿಂದ ಬರುವ ಮದ್ಯದ ವಾಸನೆ, ಉಗುರು ಕಚ್ಚಿ ಕಚ್ಚಿ ಕೆಂಪಾದ ಬೆರಳು ಇವೆಲ್ಲ ಅನುಭವಿ ಥೆರಪಿಸ್ಟ್‌ಗೆ ಮಾತಿಗಿಂತ ಜಾಸ್ತಿ ಹೇಳುತ್ತವೆ. ನನ್ನ ಥೆರಪಿಸ್ಟ್ ಒಂದು ಸಲ, ಎದುರು ಕೂತಿದ್ದಾಗ, ನಾನು ಅಪ್ಪನ ವಿಷಯ ಬಂದಾಗಲೆಲ್ಲ ಬ್ಯಾಗನ್ನು ಮಡಿಲಿಗೆ ಎಳೆದುಕೊಳ್ಳುತ್ತೇನೆ ಅಂದರು. ನನಗೇ ಗೊತ್ತಿರಲಿಲ್ಲ. ವಿಡಿಯೋದಲ್ಲಿ ಆ ಬ್ಯಾಗ್ ಯಾವತ್ತೂ ಕಾಣುತ್ತಿರಲಿಲ್ಲ.

ಮೌನವೂ ಬೇರೆ ಥರ ಆಗುತ್ತದೆ. ಎದುರು ಕೂತಾಗ ಎರಡು ನಿಮಿಷ ಸುಮ್ಮನಿದ್ದರೆ ಆ ಮೌನ ನಿಮ್ಮನ್ನು ಒಳಗೆ ಇಳಿಸುತ್ತದೆ. ಆನ್‌ಲೈನ್‌ನಲ್ಲಿ ಹತ್ತು ಸೆಕೆಂಡ್ ಸುಮ್ಮನಿದ್ದರೆ ‘ಹಲೋ, ಕೇಳಿಸ್ತಾ ಇದೆಯಾ?’ ಅನ್ನುತ್ತೀರಿ. ಕಣ್ಣಿಗೆ ಕಣ್ಣು ಕೂಡುವುದೂ ಇಲ್ಲ. ಅವರ ಮುಖ ನೋಡಿದರೆ ಕ್ಯಾಮೆರಾ ತಪ್ಪುತ್ತದೆ, ಕ್ಯಾಮೆರಾ ನೋಡಿದರೆ ಮುಖ ತಪ್ಪುತ್ತದೆ. ಇದರ ಮೇಲೆ ಮೂಲೆಯಲ್ಲಿ ನಿಮ್ಮದೇ ಮುಖ. ಅಳುವಾಗ ನಮ್ಮನ್ನು ನಾವೇ ನೋಡಿಕೊಳ್ಳುವುದು ಮನುಷ್ಯರಿಗೆ ಅಭ್ಯಾಸ ಇಲ್ಲದ ವಿಷಯ. ವಿಡಿಯೋ ಕಾಲ್‌ನಿಂದ ಯಾಕಿಷ್ಟು ಸುಸ್ತಾಗುತ್ತದೆ ಎಂಬುದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಮೊದಲ ದಿನವೇ ಸೆಟ್ಟಿಂಗ್‌ನಲ್ಲಿ ನಿಮ್ಮ ಮುಖ ಕಾಣದಂತೆ ಮಾಡಿಕೊಳ್ಳಿ. ಸಣ್ಣ ಬದಲಾವಣೆ, ದೊಡ್ಡ ನೆಮ್ಮದಿ.

ಮುಗಿದ ಮೇಲಿನ ಹೊತ್ತಿನ ಬಗ್ಗೆಯೂ ಹೇಳಬೇಕು. ಕ್ಲಿನಿಕ್ಕಿನಿಂದ ಮನೆಗೆ ಬರುವ ದಾರಿ ವ್ಯರ್ಥ ಅಂತ ಅಂದುಕೊಂಡಿದ್ದೆ. ಆ ದಾರಿಯಲ್ಲೇ ಅರ್ಧ ಥೆರಪಿ ಅರಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಆನ್‌ಲೈನ್‌ನಲ್ಲಿ ಒಂದು ಬಟನ್ ಒತ್ತಿದರೆ ಸೆಷನ್ ಮುಗಿಯಿತು. ಕಣ್ಣು ಒರೆಸಿಕೊಂಡು ಮರುನಿಮಿಷಕ್ಕೆ ಆಫೀಸಿನ ಮೀಟಿಂಗ್. ಹಾಗೆ ಮಾಡಬೇಡಿ. ಐವತ್ತು ನಿಮಿಷದ ಸೆಷನ್‌ಗೆ ಎಪ್ಪತ್ತು ನಿಮಿಷ ಎತ್ತಿಡಿ. ಕೊನೆಯ ಇಪ್ಪತ್ತು ನಿಮಿಷ ಒಬ್ಬರೇ ನಡೆದು ಬನ್ನಿ.

ಆನ್‌ಲೈನ್ ಅಂದರೆ ಒಂದೇ ಬಗೆ ಅಲ್ಲ

ಬರೀ ಧ್ವನಿಯ ಸೆಷನ್ ಅನ್ನು ಜನ ಕಡಿಮೆ ದರ್ಜೆಯದು ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ನಾಚಿಕೆಯ ವಿಷಯ ಹೇಳುವಾಗ ಮುಖ ಕಾಣದಿದ್ದರೆ ನಾಲಿಗೆ ಸಡಿಲವಾಗುತ್ತದೆ. ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಕೂಡ ರೋಗಿಯನ್ನು ಮಂಚದ ಮೇಲೆ ಮಲಗಿಸಿ ತಾನು ಕಾಣದ ಹಾಗೆ ತಲೆಯ ಹಿಂದೆ ಕೂರುತ್ತಿದ್ದರು. ನೆಟ್‌ವರ್ಕ್ ದುರ್ಬಲ ಇರುವ ಕಡೆ, ಮುರಿದು ಮುರಿದು ಬರುವ ವಿಡಿಯೋಗಿಂತ ಸ್ಪಷ್ಟವಾದ ಫೋನ್ ಕರೆ ಎಷ್ಟೋ ಮೇಲು.

ಮೆಸೇಜ್ ಮೂಲಕ ನಡೆಯುವ ಥೆರಪಿಯ ಬಗ್ಗೆ ನನಗೆ ಅಷ್ಟು ಭರವಸೆ ಇಲ್ಲ. ಬರೆಯುವಾಗ ಯೋಚನೆ ತಿಳಿಯಾಗುತ್ತದೆ ನಿಜ. ಗೋಡೆಗೂ ಕಿವಿ ಇರುವ ಮನೆಯಲ್ಲಿ ಇರುವವರಿಗೆ ಇದೊಂದೇ ದಾರಿಯೂ ಆಗಬಹುದು. ಆದರೆ ರಾತ್ರಿ ಬರೆದ ಸಂಕಟಕ್ಕೆ ಮರುದಿನ ಮಧ್ಯಾಹ್ನ ಉತ್ತರ ಬಂದರೆ, ಅಷ್ಟರಲ್ಲಿ ನೀವು ಬೇರೆಯೇ ಮನಸ್ಥಿತಿಯಲ್ಲಿರುತ್ತೀರಿ. ‘ಸರಿ’ ಅಂತ ನೀವು ಬರೆದದ್ದು ಸಮಾಧಾನವೋ ಸಿಟ್ಟೋ ಅವರಿಗೂ ತಿಳಿಯುವುದಿಲ್ಲ.

ನೀವೇ ಪಾಠದಂತೆ ಮಾಡಿಕೊಂಡು ಹೋಗುವ ಸಿಬಿಟಿ ಕಾರ್ಯಕ್ರಮಗಳೂ ಇವೆ. ಇಲ್ಲಿ ನೆನಪಿಡಬೇಕಾದ್ದು ಒಂದೇ: ವಾರಕ್ಕೊಮ್ಮೆಯಾದರೂ ಒಬ್ಬ ತರಬೇತಿ ಪಡೆದ ಮನುಷ್ಯರು ವಿಚಾರಿಸುವ ಕಾರ್ಯಕ್ರಮ ಆರಿಸಿ. ಯಾರೂ ಕೇಳುವವರಿಲ್ಲದ ಕಾರ್ಯಕ್ರಮಗಳನ್ನು ಜನ ಅರ್ಧಕ್ಕೇ ಬಿಡುವುದು ಜಾಸ್ತಿ, ಫಲವೂ ಕಡಿಮೆ.

ಈಗ ಚಾಟ್‌ಬಾಟ್‌ಗಳು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜನ್‌ಬಾಮ್ ‘ಎಲಿಜಾ’ ಎಂಬ ಪ್ರೋಗ್ರಾಂ ಪ್ರಕಟಿಸಿದರು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತಿತ್ತು ಅಷ್ಟೆ. ಆದರೂ ಅವರ ಕಾರ್ಯದರ್ಶಿ ಅದರ ಜೊತೆ ಸ್ವಲ್ಪ ಹೊತ್ತು ಟೈಪ್ ಮಾಡಿ, ‘ನೀವು ಕೋಣೆಯಿಂದ ಹೊರಗೆ ಹೋಗಿ’ ಅಂತ ವೈಜನ್‌ಬಾಮ್ ಅವರಿಗೇ ಹೇಳಿದರು. ಈ ಘಟನೆ ನೆನೆದಾಗಲೆಲ್ಲ ನನ್ನ ಮನಸ್ಸು ಕರಗುತ್ತದೆ. ಆ ಯಂತ್ರದ ಬುದ್ಧಿಗಿಂತ ಹೆಚ್ಚಾಗಿ ಆ ಹೆಂಗಸಿಗೆ ಬೇಕಿದ್ದದ್ದು, ಯಾರೂ ಕೇಳಿಸಿಕೊಳ್ಳದ ಒಂದು ಜಾಗ. ಇವತ್ತಿನ ಚಾಟ್‌ಬಾಟ್‌ಗಳು ಅದಕ್ಕಿಂತ ಎಷ್ಟೋ ಪಾಲು ಚೆನ್ನಾಗಿ ಮಾತಾಡುತ್ತವೆ. ನಡುರಾತ್ರಿ ಮನಸ್ಸಿನಲ್ಲಿರುವುದನ್ನು ಬರೆದು ಹಗುರಾಗಲು ಅವು ಆಗಬಹುದು. ಆದರೆ ಅವಕ್ಕೆ ನಿಮ್ಮ ಹೊಣೆ ಇಲ್ಲ, ಲೈಸೆನ್ಸ್ ಇಲ್ಲ. ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಚಾಳಿಯೂ ಇದೆ. ಅದನ್ನು ಥೆರಪಿ ಅಂತ ಕರೆಯಲು ನನಗೆ ಮನಸ್ಸಿಲ್ಲ.

ಯಾವಾಗ ಎದುರಿಗೇ ಹೋಗಬೇಕು

ಕೆಲವು ಸಂದರ್ಭಗಳಲ್ಲಿ ‘ನಿಮಗೆ ಅನುಕೂಲವಾದದ್ದು ಮಾಡಿ’ ಅಂತ ಹೇಳಲು ಆಗುವುದಿಲ್ಲ.

ಆಪ್‌ಗಳು ಶುರುವಿನಲ್ಲಿ ಸಾಮಾನ್ಯವಾಗಿ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಕೊಡುತ್ತವೆ. ಹಿಂದಿನ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಸೊನ್ನೆಯಿಂದ 27ರವರೆಗೆ ಅಂಕ. ಒಟ್ಟು ಅಂಕಕ್ಕಿಂತ ಮೊದಲು ಒಂಬತ್ತನೇ ಪ್ರಶ್ನೆ ನೋಡಿ. ಸತ್ತರೆ ಒಳ್ಳೆಯದು ಅನ್ನಿಸಿದ್ದಿದೆಯಾ, ನಿಮಗೆ ನೀವೇ ನೋವು ಮಾಡಿಕೊಳ್ಳುವ ಯೋಚನೆ ಬಂದಿದೆಯಾ ಅಂತ ಅದು ಕೇಳುತ್ತದೆ. ಅದಕ್ಕೆ ನಿಮ್ಮ ಉತ್ತರ ‘ಇಲ್ಲವೇ ಇಲ್ಲ’ ಬಿಟ್ಟು ಬೇರೆ ಏನೇ ಆಗಿದ್ದರೂ ಆಪ್ ಒಂದನ್ನೇ ನಂಬಿ ಕೂರಬೇಡಿ. ಒಬ್ಬ ವೈದ್ಯರಿಗೋ ಥೆರಪಿಸ್ಟ್‌ಗೋ ನೇರವಾಗಿ ಹೇಳಿ. ಸಾಯುವ ಯೋಚನೆ ಜೋರಾಗಿದ್ದರೆ, ಹೇಗೆ ಅಂತ ಮನಸ್ಸು ಲೆಕ್ಕ ಹಾಕುತ್ತಿದ್ದರೆ, ಮುಂದಿನ ಸೆಷನ್‌ಗೆ ಕಾಯಬೇಡಿ. ನೀವಿರುವ ಕಡೆಯ ಸಹಾಯವಾಣಿಗೆ ಈಗಲೇ ಫೋನ್ ಮಾಡಿ, ಇಲ್ಲವೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇಲ್ಲದ ದನಿ ಕೇಳಿಸುವುದು, ದಿನಗಟ್ಟಲೆ ನಿದ್ದೆ ಇಲ್ಲದೆಯೂ ವಿಪರೀತ ಉತ್ಸಾಹ ಏರುವುದು ಇವಕ್ಕೆ ಮನೋವೈದ್ಯರ ನೇರ ಪರೀಕ್ಷೆ ಬೇಕು. ಔಷಧಿಯೂ ಬೇಕಾಗಬಹುದು. ಥೆರಪಿಸ್ಟ್‌ಗಳು ಸಾಮಾನ್ಯವಾಗಿ ಔಷಧಿ ಬರೆಯುವವರಲ್ಲ. ಊಟ ಬಿಡುವ, ಇಲ್ಲವೇ ಮಿತಿ ಮೀರಿ ತಿನ್ನುವಂಥ ಊಟದ ಕಾಯಿಲೆಗಳಲ್ಲಿ ತೂಕ, ನಾಡಿ, ರಕ್ತ ನೋಡಬೇಕಾಗುತ್ತದೆ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಆಗಬಹುದು. ಅದು ವೈದ್ಯರ ಕಣ್ಣೆದುರು ಆಗಬೇಕಾದ ಕೆಲಸ.

ಮನೆಯಲ್ಲೇ ಹೊಡೆತ, ಬೆದರಿಕೆ ಇದ್ದರೆ ಮನೆಯಿಂದ ವಿಡಿಯೋ ಸೆಷನ್ ಅಪಾಯ. ಬಾಗಿಲ ಹಿಂದೆ ಯಾರು ನಿಂತಿದ್ದಾರೆ ಅಂತ ಥೆರಪಿಸ್ಟ್‌ಗೆ ಕಾಣುವುದಿಲ್ಲ. ಮೊಬೈಲನ್ನು ಯಾರು ತೆರೆದು ನೋಡುತ್ತಾರೆ ಅಂತ ಗೊತ್ತಿರುವುದಿಲ್ಲ. ಇಂಥವರಿಗೆ ಹೊರಗಿನ ಒಂದು ಕೋಣೆಯೇ ಅರ್ಧ ಆಸರೆ.

ಇನ್ನೊಂದು ಸೂಕ್ಷ್ಮ. ಜನರ ನಡುವೆ ಹೋಗಲು ಭಯಪಡುವವರಿಗೆ ಆನ್‌ಲೈನ್ ಒಳ್ಳೆಯ ಮೊದಲ ಮೆಟ್ಟಿಲು. ಆದರೆ ಆರು ತಿಂಗಳಾದರೂ ಮನೆ ಬಿಟ್ಟು ಹೊರಡದೆ ಬರೀ ಸ್ಕ್ರೀನ್ ಮೇಲೇ ನಡೆಯುತ್ತಿದ್ದರೆ, ತಪ್ಪಿಸಿಕೊಳ್ಳುವುದಕ್ಕೆ ಥೆರಪಿಯೇ ನೆಪ ಆಗಿದೆಯಾ ಅಂತ ಇಬ್ಬರೂ ಕೂತು ಕೇಳಿಕೊಳ್ಳಬೇಕು.

ಗುಟ್ಟು ಗುಟ್ಟಾಗಿ ಉಳಿಯುತ್ತದಾ?

ಗೋಡೆಯ ಕಿವಿ ಒಂದಾದರೆ, ಕಂಪ್ಯೂಟರ್‌ನ ಕಿವಿ ಇನ್ನೊಂದು. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ಬಳಕೆದಾರರ ಇಮೇಲ್ ವಿಳಾಸ, ಆರೋಗ್ಯದ ಪ್ರಶ್ನೆಗಳಿಗೆ ಕೊಟ್ಟ ಉತ್ತರದಂಥ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅಂತ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಆರೋಪಿಸಿತ್ತು. 2023ರಲ್ಲಿ ಆ ಪ್ರಕರಣ 78 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು.

ಹಾಗಂತ ಕ್ಲಿನಿಕ್ಕಿಗೆ ಹೋದರೆ ಗುಟ್ಟು ಭದ್ರ ಅಂದುಕೊಳ್ಳಬೇಡಿ. ಫಿನ್ಲೆಂಡಿನ ವಾಸ್ತಾಮೊ ಎಂಬುದು, ಜನ ನಡೆದುಹೋಗಿ ಕೂತು ಮಾತಾಡುತ್ತಿದ್ದ ಥೆರಪಿ ಕೇಂದ್ರಗಳ ಸಂಸ್ಥೆ. ಅದರ ಕಂಪ್ಯೂಟರ್‌ನಲ್ಲಿದ್ದ ಸೆಷನ್ ಟಿಪ್ಪಣಿಗಳನ್ನೇ ಕದ್ದರು. 2020ರ ಅಕ್ಟೋಬರ್‌ನಲ್ಲಿ ರೋಗಿಗಳಿಗೇ ಇಮೇಲ್ ಹೋಯಿತು: ಹಣ ಕೊಡಿ, ಇಲ್ಲದಿದ್ದರೆ ನೀವು ಹೇಳಿದ್ದೆಲ್ಲ ಬಯಲಿಗೆ. ಸುಮಾರು 33,000 ಜನರ ದಾಖಲೆ. ಮರುವರ್ಷ ಸಂಸ್ಥೆ ದಿವಾಳಿಯಾಯಿತು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ಎರಡೂ ಕಡೆ ಇವೇ ಪ್ರಶ್ನೆಗಳನ್ನು ಕೇಳಿ: ನನ್ನ ಟಿಪ್ಪಣಿ ಎಲ್ಲಿ ಇಡುತ್ತೀರಿ, ಯಾರು ನೋಡಬಹುದು, ಸೆಷನ್ ರೆಕಾರ್ಡ್ ಆಗುತ್ತಾ, ನಾನು ಬಿಟ್ಟ ಮೇಲೆ ಎಷ್ಟು ಕಾಲ ಉಳಿಯುತ್ತದೆ? ಆಪ್‌ಗೆ ಸೇರುವಾಗ ಕೆಲಸದ ಇಮೇಲ್ ಕೊಡಬೇಡಿ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಬಳಸಬೇಡಿ.

ಬಾಗಿಲ ಪರೀಕ್ಷೆ

ಮನೆಯಿಂದಲೇ ಮಾಡುವ ಮನಸ್ಸಿದ್ದರೆ ಇವತ್ತೇ ಇದನ್ನು ಮಾಡಿ ನೋಡಿ. ನೀವು ಕೂರಬೇಕು ಅಂದುಕೊಂಡ ಕೋಣೆಯಲ್ಲಿ ಮೊಬೈಲ್ ಇಟ್ಟು, ಯಾರಾದರೂ ಮಾತಾಡುವ ಒಂದು ಕಾರ್ಯಕ್ರಮವನ್ನು ಮಾಮೂಲಿ ಮಾತಿನಷ್ಟು ಜೋರಾಗಿ ಹಾಕಿ. ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲಿ. ಗುಜುಗುಜು ಸದ್ದು ಮಾತ್ರ ಕೇಳಿಸಿದರೆ ಪರವಾಗಿಲ್ಲ. ಒಂದೊಂದು ಪದವೂ ಕೇಳಿಸಿದರೆ ಆ ಕೋಣೆ ಆಗುವುದಿಲ್ಲ. ಬಾಗಿಲ ಹೊರಗಡೆ ಒಂದು ಫ್ಯಾನ್ ಹಾಕಿ ಮತ್ತೆ ಪರೀಕ್ಷಿಸಿ. ಸೆಷನ್ ಹೊತ್ತಿಗೆ ಒಳಗೆ ಇಯರ್‌ಫೋನ್ ಬಳಸಿ. ಇಯರ್‌ಫೋನ್ ಥೆರಪಿಸ್ಟ್ ಮಾತನ್ನು ಮುಚ್ಚುತ್ತದೆಯೇ ಹೊರತು ನಿಮ್ಮ ಮಾತನ್ನಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.

ಜಾಗ ಸಿಕ್ಕರೆ ಉಳಿದದ್ದು ಮನುಷ್ಯರ ಆಯ್ಕೆ. ಸ್ಕ್ರೀನೋ ಕುರ್ಚಿಯೋ ಎಂಬುದಕ್ಕಿಂತ ಇದೇ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಥೆರಪಿಯ ನಂಟನ್ನು ಮೂರು ಎಳೆಯಾಗಿ ಬಿಡಿಸಿಟ್ಟರು: ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ, ಹೇಗೆ ಹೋಗಬೇಕು ಎಂಬುದರಲ್ಲಿ ಒಮ್ಮತ, ಒಬ್ಬರ ಮೇಲೊಬ್ಬರಿಗೆ ನಂಬಿಕೆ. ಮೂರು ನಾಲ್ಕು ಸೆಷನ್ ಆದ ಮೇಲೆ ಈ ಮೂರನ್ನೂ ಇಟ್ಟು ನೋಡಿ. ಒಂದೂ ಕೂಡಿಬರದಿದ್ದರೆ ಬೇರೆಯವರನ್ನು ಹುಡುಕಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನಿಲ್ಲ. ಆನ್‌ಲೈನ್‌ನಲ್ಲಿ ಇದು ಇನ್ನೂ ಸುಲಭ. ಅಷ್ಟು ಸುಲಭ ಅಂತಲೇ ನೋವಿನ ಮಾತು ಬಂದ ಕೂಡಲೇ ಜನ ಥೆರಪಿಸ್ಟ್ ಬದಲಿಸುವುದೂ ಉಂಟು. ಆ ವ್ಯತ್ಯಾಸ ನಿಮಗೆ ನೀವೇ ಪ್ರಾಮಾಣಿಕವಾಗಿ ಗುರುತಿಸಿಕೊಳ್ಳಬೇಕು.

ಮೊದಲ ಕರೆಯಲ್ಲಿ ಅವರ ಓದು, ಲೈಸೆನ್ಸ್, ನಿಮ್ಮಂಥ ತೊಂದರೆಯಲ್ಲಿ ಅನುಭವ ಕೇಳಿ. ಅವರು ನಿಮ್ಮನ್ನೂ ಕೇಳಬೇಕು: ಈಗ ಎಲ್ಲಿದ್ದೀರಿ, ತುರ್ತಾದರೆ ಯಾರಿಗೆ ಫೋನ್ ಮಾಡಲಿ? ಇದನ್ನು ಕೇಳದ ಆನ್‌ಲೈನ್ ಥೆರಪಿಸ್ಟ್ ಬಗ್ಗೆ ನನಗೆ ಅನುಮಾನ.

ಕೊನೆಗೆ ನಾನು ಒಂದು ಪ್ರಶ್ನೆ ಕೇಳಿದ್ದೆ. ನಾನು ಮಾತಾಡಿಸಿದ ಮೂವರು ಥೆರಪಿಸ್ಟ್‌ಗಳನ್ನೂ ಅದೇ ಕೇಳಿದೆ. ‘ಮುಖ್ಯವಾದ ಮಾತಿನ ನಡುವೆ ಸಂಪರ್ಕ ಕಡಿದರೆ ಏನು ಮಾಡೋಣ?’ ಒಬ್ಬರು ‘ಮತ್ತೆ ಲಿಂಕ್ ಒತ್ತಿ’ ಅಂದರು. ಇನ್ನೊಬ್ಬರು ‘ಮುಂದಿನ ವಾರ ನೋಡೋಣ’ ಅಂದರು. ಮೂರನೆಯವರು, ‘ನಾನೇ ಫೋನ್ ಮಾಡುತ್ತೇನೆ, ಎರಡು ನಿಮಿಷದೊಳಗೆ. ನೀವು ಎಲ್ಲಿ ನಿಲ್ಲಿಸಿದ್ದಿರಿ ಅಂತ ಬರೆದಿಟ್ಟುಕೊಂಡಿರುತ್ತೇನೆ’ ಅಂದರು. ಈಗ ನಾನು ಮಾತಾಡುತ್ತಿರುವುದು ಅವರ ಹತ್ತಿರವೇ.